ಹೊಲಿದ ಜೇಬು

ಶಿಕಾರಿಪುರದ ಬಸ್ ನಿಲ್ದಾಣದಿಂದ ಸಂತೆ ನಡೆಯುವ ಕಡೆಗೆ ಇಳಿದರೆ, ಎಡಗಡೆಗೆ ಮುನೀರ್ ಅಹ್ಮದನ ಸೀಟು ಹೊಲಿಯುವ ಅಂಗಡಿ. ಟ್ರ್ಯಾಕ್ಟರ್ ಸೀಟು, ಆಟೋ ಸೀಟು, ಬೈಕಿನ ಸೀಟು. ಹರಿದದ್ದು, ಕುಸಿದದ್ದು, ನಾಯಿ ಕಚ್ಚಿ ಸ್ಪಂಜು ಕಿತ್ತದ್ದು, ಎಲ್ಲವೂ ಅವನ ಮುಂದೆ ಬಂದು ಬೀಳುತ್ತವೆ. ನಲವತ್ತಾರು ದಾಟಿದ ಈ ಮನುಷ್ಯನನ್ನು ಇವತ್ತು ನೋಡಿದವರ ಕಣ್ಣು ಮೊದಲು ಹೋಗುವುದು ಅವನ ಅಂಗಿಯ ಎದೆಜೇಬಿನ ಮೇಲೆ. ಜೇಬಿದೆ, ಆದರೆ ಒಂದು ಬೆರಳೂ ಒಳಗೆ ಇಳಿಯುವಂತಿಲ್ಲ. ರೆಕ್ಸಿನ್‌ಗೆ ಹಾಕುವ ದಪ್ಪ ಕರಿದಾರದಲ್ಲಿ ಮೇಲಿನ ಅಂಚನ್ನು ಉದ್ದಕ್ಕೂ ಹೊಲಿದುಬಿಟ್ಟಿದ್ದಾನೆ. ಒಂದು ಅಂಗಿಯಲ್ಲ, ಇರುವ ಅಷ್ಟೂ ಅಂಗಿ ಹಾಗೇ. ಹುಚ್ಚೇ ಎಂದು ಕೇಳಿದವರಿದ್ದಾರೆ. ಹುಚ್ಚಲ್ಲ. ಅದರ ಹಿಂದೆ ಒಂದು ವರ್ಷದ ಕಥೆಯಿದೆ.

ಆ ಕಥೆಗೆ ಮೊದಲು ಅವನ ಕೆಲಸದ ರೀತಿ ತಿಳಿಯಬೇಕು. ಸೀಟಿನ ಹಲಗೆಗೆ ರೆಕ್ಸಿನ್ ಕೂರಿಸುವಾಗ ಒಂದು ಕೈ ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ ಇರಬೇಕು. ಹಾಗಾದರೆ ಮೊಳೆ ಕೊಡುವುದು ಯಾರು? ಬಾಯಿ. ಒಂದು ಹಿಡಿ ಸಣ್ಣ ಮೊಳೆಯನ್ನು ಎಡಗೆನ್ನೆಯೊಳಗೆ ತುಂಬಿಕೊಳ್ಳುವುದು, ನಾಲಿಗೆಯಿಂದ ಒಂದೊಂದನ್ನೇ ಹೊರಳಿಸಿ, ತಲೆ ಮುಂದಾಗಿ ತುಟಿಗೆ ತರುವುದು, ಅಯಸ್ಕಾಂತದ ಸುತ್ತಿಗೆಯನ್ನು ತುಟಿಗೆ ಮುಟ್ಟಿಸಿ ಮೊಳೆ ಎತ್ತಿಕೊಂಡು ಹೊಡೆಯುವುದು. ಇಪ್ಪತ್ತರ ವಯಸ್ಸಿನಲ್ಲಿ ಶಿವಮೊಗ್ಗದ ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ಉಸ್ತಾದರು ಇದನ್ನು ಕಲಿಸಿದ್ದರು. ಮುನೀರ್ ಎಷ್ಟು ಪಳಗಿದನೆಂದರೆ, ಬಾಯಿಂದ ಮೊಳೆ ಬರುವ ವೇಗಕ್ಕೆ ಸುತ್ತಿಗೆ ಕಾಯುವುದೇ ತಪ್ಪಿತು. ಮುಂದೆ ಶಿಕಾರಿಪುರದಲ್ಲಿ ಅಂಗಡಿ ಇಟ್ಟಾಗ ಬಸ್ಸಿಗೆ ಕಾಯುವವರು ಬಂದು ನಿಂತು ನೋಡುತ್ತಿದ್ದರು.

ಅದೇ ಶೆಡ್ಡಿನಲ್ಲಿ ಬಲಗೆನ್ನೆಗೂ ಒಂದು ಕೆಲಸ ಸಿಕ್ಕಿತು. ಅಂಟಿನ ವಾಸನೆಗೆ ತಲೆ ಸಿಡಿಯುತ್ತದೆ ಎಂದಾಗ ಜೊತೆಗಾರನೊಬ್ಬ ಗುಟ್ಕಾದ ಚೀಟಿ ಹರಿದು ಅಂಗೈಗೆ ಸುರಿದ. ಅಂದಿನಿಂದ ಎಡಗೆನ್ನೆಗೆ ಮೊಳೆ, ಬಲಗೆನ್ನೆಗೆ ಗುಟ್ಕಾ. ಮುಂದೆ ಗುಟ್ಕಾ ಮಾರಬಾರದೆಂದು ಕಾನೂನು ಬಂತು. ಅಂಗಡಿಗಳಲ್ಲಿ ಮಸಾಲೆಯದು ಒಂದು ಚೀಟಿ, ತಂಬಾಕಿನದು ಒಂದು ಚೀಟಿ ಎಂದು ಜೋಡಿಯಾಗಿ ನೇತಾಡತೊಡಗಿದವು. ಬೆರೆಸಿಕೊಳ್ಳುವ ಶ್ರಮವೊಂದು ಗಿರಾಕಿಗೆ ಬಂತು, ಅಷ್ಟೇ. ಒಂದು ಸೀಟು ಮುಗಿದರೆ ಒಂದು ಜೋಡಿ, ಚಹಾ ಕುಡಿದರೆ ಒಂದು, ಸ್ಕೂಟರ್ ಹತ್ತಿದರೆ ಒಂದು. ಗಿರಾಕಿ ಜಗಳವಾಡಿ ಹೋದರೆ ಒಂದು, ಖುಷಿಯಿಂದ ಹೋದರೂ ಒಂದು. ಚೀಟಿಗಳ ಮನೆ ಎದೆಜೇಬು. ಕೈ ಯಾವಾಗ ಜೇಬಿಗೆ ಹೋಯಿತು, ಯಾವಾಗ ಬಾಯಿಗೆ ಬಂತು ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ.

ಇಪ್ಪತ್ತೈದು ವರ್ಷ ಹೀಗೇ ಕಳೆಯಿತು. ಮೊದಲು ತಪ್ಪಿದ್ದು ಮೊಳೆ. ಕಳೆದ ಜನವರಿಯ ಒಂದು ಬೆಳಿಗ್ಗೆ ನಾಲಿಗೆ ಹೊರಳಿಸಿದರೆ ಮೊಳೆ ಹೊರಳಲಿಲ್ಲ. ಚೂಪು ಮುಂದಾಗಿ ಬಂದು ತುಟಿಗೆ ಚುಚ್ಚಿತು. ಆಗುತ್ತದೆ ಬಿಡು ಎಂದುಕೊಂಡ. ಮಾರನೆಯ ದಿನ ಇನ್ನೊಂದು ಚುಚ್ಚಿತು. ಊಟದಲ್ಲಿ ಸಾರು ತಾಗಿದರೆ ಬಾಯಿಗೆ ಬೆಂಕಿ ಬಿದ್ದ ಹಾಗೆ. ಹೆಂಡತಿ ಸಬಿಹಾ ಖಾರ ಕಮ್ಮಿ ಮಾಡುತ್ತಾ ಹೋದಳು. ಕೊನೆಗೆ ಖಾರವೇ ಇಲ್ಲದ ಅನ್ನಕ್ಕೆ ಹಾಲು ಕಲಸಿ ಕೊಟ್ಟಳು. ಆ ತುತ್ತನ್ನೂ ಅವನು ಚಪ್ಪಟೆ ಮಾಡಿ ಬಾಯೊಳಗೆ ತಳ್ಳುವುದನ್ನು ಕಂಡ ದಿನ, ಊಟ ಅಲ್ಲಿಗೇ ಬಿಟ್ಟು ಬುರ್ಖಾ ಹಾಕಿಕೊಂಡು, ಏಳಿ ಎಂದಳು.

ಶಿವಮೊಗ್ಗದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುನೀರನ ಕೈಯನ್ನೇ ಹಿಡಿದು, ಮೂರು ಬೆರಳು ಜೋಡಿಸಿ, ನಿಲ್ಲಿಸಿ ಬಾಯೊಳಗೆ ಇಡಲು ಹೇಳಿದಳು. ಸರಿಯಿರುವ ಬಾಯಿಗೆ ಮೂರೂ ಹೋಗುತ್ತವೆ. ಅವನಿಗೆ ಎರಡು ಬೆರಳು, ಅದೂ ಬಿಗಿಯಾಗಿ. ಕೆನ್ನೆಯೊಳಗಿನ ಚರ್ಮ ಹಗ್ಗದಂತೆ ಗಟ್ಟಿಯಾಗಿದೆ, ಬಲಗಡೆ ಒಂದು ಬಿಳಿಯ ಮಚ್ಚೆಯೂ ಇದೆ, ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದಳು. ವಾರ ಬಿಟ್ಟು ಬಂದ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಸಬಿಹಾ ಕಣ್ಣೊರೆಸಿಕೊಂಡಳು. ಆದರೆ ಡಾಕ್ಟರು ನಗಲಿಲ್ಲ.

"ಈಗ ಇಲ್ಲ ಅಂತ ಅಷ್ಟೇ ಇದರ ಅರ್ಥ. ಬಿಟ್ಟರೆ ಬಾಯಿ ಇಲ್ಲಿಗೆ ನಿಲ್ಲಬಹುದು. ಬಿಡದಿದ್ದರೆ ಒಂದು ಬೆರಳಿಗೆ ಬರುತ್ತೆ, ಆ ಮಚ್ಚೆ ಏನಾಗುತ್ತೋ ನಾನು ಹೇಳೋಕಾಗಲ್ಲ. ಕಮ್ಮಿ ಮಾಡ್ತೀನಿ ಅನ್ನೋ ಮಾತು ನನ್ನ ಹತ್ರ ಬೇಡ."

ಬಾಯಿ ಹಿಗ್ಗಿಸಲು ಒಂದು ಕಟ್ಟು ಐಸ್‌ಕ್ರೀಂ ಕಡ್ಡಿ ಕೊಟ್ಟಳು. ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ಹತ್ತು ನಿಮಿಷ ಕೂರಬೇಕು, ದಿನಕ್ಕೆ ಐದಾರು ಸಲ. ಮುನೀರನಿಗೆ ಹದಿನಾಲ್ಕು ಕಡ್ಡಿ ಹಿಡಿದವು. ಮೊಳೆಯನ್ನು ಇನ್ನು ಬಾಯಿಗೆ ಹಾಕುವ ಹಾಗಿಲ್ಲ ಎಂದೂ ಹೇಳಿ ಕಳಿಸಿದಳು. ವಾಪಸ್ ಬರುವ ಬಸ್ಸಿನಲ್ಲಿ ಅವನು ಆಡಿದ್ದು ಒಂದೇ ಮಾತು. ಮೊಳೆಯ ವಿದ್ಯೆ ಹೋಯಿತಲ್ಲ ಎಂದ. ಸಬಿಹಾ ಕಿಟಕಿಯ ಕಡೆ ನೋಡಿದಳು.

ಅಷ್ಟರಲ್ಲಿ ರಂಜಾನ್ ಬಂತು. ಹಗಲಿಡೀ ಉಗುಳು ನುಂಗುವುದಕ್ಕೂ ಯೋಚಿಸುವ ತಿಂಗಳು. ಎಷ್ಟೇ ಚಟವಿದ್ದರೂ ಮುನೀರ್ ಒಂದು ದಿನದ ರೋಜಾ ಉಪವಾಸವನ್ನೂ ಮುರಿದವನಲ್ಲ. ಆದರೆ ಬೇರೆ ವರ್ಷಗಳಲ್ಲಿ ಇಫ್ತಾರಿನ ಖರ್ಜೂರದ ಹಿಂದೆಯೇ ಚೀಟಿ ಹರಿಯುತ್ತಿದ್ದ. ಈ ಸಲ ರಾತ್ರಿಯೂ ಮುಟ್ಟುವುದಿಲ್ಲ ಎಂದು ಮಸೀದಿಯಲ್ಲಿ ಕೂತು ನಿಯ್ಯತ್ತು ಮಾಡಿ ಸಂಕಲ್ಪ ತೊಟ್ಟ. ಮೊದಲ ವಾರ ತಲೆನೋವು, ಸಿಟ್ಟು, ನಿದ್ದೆಯಿಲ್ಲ. ಎರಡನೆಯ ವಾರ ಕಳೆಯಿತು. ಈದ್ ಬಂತು, ಹೋಯಿತು, ಬಾಯಿ ಸ್ವಚ್ಛವಾಗಿಯೇ ಉಳಿಯಿತು. ಮಸೀದಿಯಿಂದ ಹೊರಬರುವಾಗ ಹಿರಿಯರು ಬೆನ್ನು ತಟ್ಟಿದರು.

ಎಡವಟ್ಟು ಆದದ್ದು ಇಲ್ಲಿಂದಲೇ. ಒಂದು ತಿಂಗಳು ಹಗಲಿಡೀ ಉಪವಾಸ ಕೂತು, ಎದುರಿನ ಅಂಗಡಿಯಲ್ಲಿ ಸಮೋಸ ಕರಿಯುವುದನ್ನು ನೋಡಿಯೂ ಅಲುಗದವನು ತಾನು. ಇಷ್ಟು ಗಟ್ಟಿಯಿರುವ ಮನಸ್ಸು ಒಂದು ಚೀಟಿಗೆ ಹೆದರಬೇಕೇ? ಮುನೀರ್ ಒಂದು ಜೋಡಿ ಕೊಂಡು ತಂದು, ಹೊಲಿಗೆ ಯಂತ್ರದ ಎದುರಿನ ಗೋಡೆಯಲ್ಲಿ, ಕಣ್ಣಿಗೆ ನೇರವಾಗಿ, ಮೊಳೆ ಹೊಡೆದು ನೇತುಹಾಕಿದ. ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದ. ನಾನು ಅದನ್ನು ನೋಡ್ತೀನಿ, ಅದು ನನ್ನನ್ನು ನೋಡುತ್ತೆ, ಯಾರು ಗೆಲ್ತಾರೆ ನೋಡೋಣ ಎನ್ನುತ್ತಿದ್ದ. ಜನ ಭೇಷ್ ಎಂದರು. ಗೂಡಂಗಡಿಯ ರಾಜು ಮಾತ್ರ, ಅದರ ಮೇಲೆ ಒಂದು ಬಟ್ಟೆನಾದ್ರೂ ಹಾಕು ಮುನೀರಣ್ಣ ಎಂದ. ಸಬಿಹಾಗೆ ಮುನೀರ್ ಈ ವಿಷಯ ಹೇಳಲೇ ಇಲ್ಲ. ಯಾಕೆ ಹೇಳಲಿಲ್ಲ ಎಂದು ಅವನು ಆಗ ತನ್ನನ್ನೇ ಕೇಳಿಕೊಂಡಿದ್ದರೆ ಚೆನ್ನಾಗಿತ್ತು.

ಐದು ವಾರ ಗೆದ್ದ. ಮೇ ಕೊನೆಯಲ್ಲಿ ಶಾಲೆಯ ವ್ಯಾನೊಂದರ ಅಷ್ಟೂ ಸೀಟು ಬಂದವು. ಶಾಲೆ ಬಾಗಿಲು ತೆರೆಯುವ ಮುಂಚೆ ಕೊಡಬೇಕು. ಬಾಯಿಯ ಮೊಳೆಯಿಲ್ಲ, ತಗಡಿನ ಮುಚ್ಚಳದಿಂದ ಒಂದೊಂದೇ ಎತ್ತಬೇಕು, ಕೈ ನಿಧಾನ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಅವಸರದಲ್ಲಿ ರೆಕ್ಸಿನ್ನಿನ ಗೆರೆ ಅಡ್ಡ ಬರಬೇಕಾದಲ್ಲಿ ಉದ್ದಕ್ಕೆ ಬರುವಂತೆ ಕತ್ತರಿಸಿದ. ನಾಲ್ಕು ಸೀಟಿನ ಮಾಲು ಹಾಳಾಯಿತು. ಕತ್ತರಿ ಕೆಳಗಿಟ್ಟು ತಲೆಯೆತ್ತಿದರೆ ಎದುರಿಗೆ ಚೀಟಿ. ಕೈ ಅವನನ್ನು ಏನೂ ಕೇಳಲಿಲ್ಲ. ಚೀಟಿ ಹರಿದ ಸದ್ದು ಕೇಳಿಸಿದಾಗಲೇ ಅವನಿಗೆ ಎಚ್ಚರವಾದದ್ದು. ಆಗಲೂ ಎಸೆಯಬಹುದಿತ್ತು. ಎಸೆಯಲಿಲ್ಲ, ಬಾಯಿಗೆ ಸುರಿದುಕೊಂಡ.

ಒಂದಾಯಿತಲ್ಲ, ಇನ್ನೇನು ಎಂದು ಆ ಸಂಜೆಯೇ ಹತ್ತು ಜೋಡಿ ಜೇಬಿಗಿಳಿದವು. ಬೆಳಿಗ್ಗೆ ಪಶ್ಚಾತ್ತಾಪ, ದಿನಕ್ಕೆ ಎರಡೇ ಎಂಬ ಕಟ್ಟಳೆ. ಮಧ್ಯಾಹ್ನದೊಳಗೆ ಆ ಎರಡೂ ಮುಗಿದು, ನಾಳೆಯವೆರಡನ್ನು ಇಂದೇ ತಿಂದರೆ ನಾಳೆ ತಿನ್ನುವುದಿಲ್ಲವಲ್ಲ ಎಂಬ ಲೆಕ್ಕಾಚಾರ. ಮನೆಗೆ ಹೋಗುವ ಮುಂಚೆ ಏಲಕ್ಕಿ ಜಗಿಯುತ್ತಿದ್ದ. ಸಬಿಹಾ ವಾಸನೆಯಿಂದ ಹಿಡಿಯಲಿಲ್ಲ, ಕಡ್ಡಿಯಿಂದ ಹಿಡಿದಳು. ಹದಿನಾರಕ್ಕೆ ಏರಿದ್ದ ಕಡ್ಡಿ ಹದಿನೈದಕ್ಕೆ ಇಳಿದಿತ್ತು. ಎರಡೇ ತಿಂದದ್ದು ಎಂದು ಅವನು ಹೇಳಿದಾಗ ಅವಳು ಬೈಯಲಿಲ್ಲ. ಮನೆಮಾತಾದ ಉರ್ದುವಿನಲ್ಲಿ, ತಟ್ಟೆ ತೊಳೆಯುತ್ತಲೇ ಹೇಳಿದಳು.

"ನನಗೆ ಸುಳ್ಳು ಹೇಳಿ, ಪರವಾಗಿಲ್ಲ, ನಾನು ನಂಬ್ತೀನಿ. ಬಾಯಿಗೆ ಬೆರಳು ಇಡಿ ಅಂತ ಡಾಕ್ಟರಮ್ಮ ಹೇಳಿದಾಗ ಆ ಬೆರಳಿಗೆ ಏನು ಹೇಳ್ತೀರಿ?"

ಆ ಮಾತಿಗೆ ಅವನು ಎರಡು ದಿನ ಬಿಟ್ಟ. ಮೂರನೆಯ ದಿನ ಮತ್ತೆ ತಿಂದ. ತಾನು ಕೆಟ್ಟವನು, ತನ್ನ ಇಮಾನೇ, ದೇವರ ಮೇಲಿನ ನಂಬಿಕೆಯೇ ಸಡಿಲ, ರಂಜಾನಿನಲ್ಲಿ ಆಗಿದ್ದು ನಾಟಕ ಎಂದುಕೊಂಡ. ಹಾಗೆಂದುಕೊಂಡಾಗ ಇನ್ನೊಂದು ಚೀಟಿ ಹರಿಯುವುದು ಸುಲಭವಾಗುತ್ತಿತ್ತು.

ಜುಲೈಯಲ್ಲಿ ಬಂದಳಿಕೆಯಿಂದ ನಾಗೇಶ್ ಎಂಬವರ ಕರೆ ಬಂತು. ಟ್ರ್ಯಾಕ್ಟರ್ ಕೆಸರಲ್ಲಿ ಸಿಕ್ಕಿದೆ, ಸೀಟು ಕಿತ್ತು ಬಂದಿದೆ, ಅಲ್ಲಿಗೇ ಬಂದು ಕೂರಿಸಿಕೊಡಬೇಕು ಎಂದರು. ಮುನೀರ್ ಸ್ಕೂಟರಿನಲ್ಲಿ ಹೋದ. ಸ್ಪಂಜಿಗೆ ಅಂಟು ಹಚ್ಚಿ, ಅದು ಒಣಗಲೆಂದು ಹಳೇ ಗುಡಿಗಳ ಬಳಿ ಒಂದು ಬಿದ್ದ ಕಲ್ಲುಕಂಬದ ಮೇಲೆ ಕೂತ. ಮಳೆ ಬಿಟ್ಟ ಬಿಸಿಲು. ಎದುರಿನ ಮೆಕ್ಕೆಜೋಳದ ಹೊಲಗಳ ಆಚೆಯಿಂದ ಒಂದು ಕುರಿಮಂದೆ ಬರುತ್ತಿತ್ತು. ಹಿಂದೆ ಸಣ್ಣಬೀರಪ್ಪ. ಹಳೆಯ ಪರಿಚಯ. ಅವನ ಮದುವೆಗೆ ಗಾದಿ ಹೊಲಿದುಕೊಟ್ಟಿದ್ದು ಮುನೀರನ ಅಪ್ಪ. ಆ ಗಾದಿಯ ಮೇಲೆ ಇನ್ನೂ ಮಲಗುತ್ತೇವೆ ಎಂದು ಅವನ ಹೆಂಡತಿ ಹಾಲಮ್ಮ ಸಂತೆಯಲ್ಲಿ ಕಂಡಾಗಲೆಲ್ಲ ಹೇಳುತ್ತಿದ್ದಳು.

ಹೊಲಗಳ ನಡುವೆ ಒಂದು ನೇರದಾರಿ ಇತ್ತು. ಅದರಲ್ಲಿ ಬಂದರೆ ಹುಲ್ಲಿನ ಬಯಲು ನೂರು ಹೆಜ್ಜೆ. ಸಣ್ಣಬೀರಪ್ಪ ಆ ದಾರಿಗೆ ಬರಲಿಲ್ಲ. ದೂರದ ಹುಣಸೆಮರದ ಹತ್ತಿರವೇ ಸಿಳ್ಳೆ ಹಾಕಿ ಮಂದೆಯನ್ನು ತಿರುಗಿಸಿ, ಗುಡಿಗಳ ಹಿಂಬದಿಯಿಂದ ಸುತ್ತು ಹಾಕಿ, ಅರ್ಧ ಗಂಟೆ ತಡವಾಗಿ ಬಯಲಿಗೆ ಬಂದ. ಕಂಬಳಿ ಹಾಸಿ ಮುನೀರನ ಪಕ್ಕ ಕೂತ.

"ಸೀದಾ ದಾರಿ ಇಲ್ಲೇ ಐತಲ್ಲ ಬೀರಪ್ಪಣ್ಣ, ಯಾಕೆ ಅಷ್ಟು ಸುತ್ತು?" ಎಂದು ಮುನೀರ್ ಕೇಳಿದ.

"ಎರಡೂ ಕಡೆ ಜೋಳ ಎದ್ದೈತಲ್ರೀ ಸಾಬ್ರೆ."

"ನೀನಿದ್ದೀಯ, ಕೋಲೈತೆ, ಎರಡು ನಾಯಿ ಅದಾವೆ. ಅಷ್ಟು ಜನ ಸೇರಿ ಕುರಿ ತಡೆಯಾಕಾಗಲ್ವಾ?"

ಸಣ್ಣಬೀರಪ್ಪ ಎಲೆಗೆ ಸುಣ್ಣ ಸವರುತ್ತಾ ನಕ್ಕ. "ಜೋಳದ ವಾಸನೆ ಮೂಗಿಗೆ ಹತ್ತಿದ ಮ್ಯಾಲೆ ಅವು ನನ್ನ ಕುರಿ ಅಲ್ಲ, ಜೋಳದ ಕುರಿ. ನಲವತ್ತು ವರ್ಸದಾಗೆ ಮೂರು ಸಲ ಮಂದಿ ಬೆಳೆ ಮೇಯಿಸಿ ಉಗಿಸ್ಕಂಡೀನಿ. ಮೂರು ಸಲಾನೂ ತಡೀತೀನಿ ಅಂತ ಧೈರ್ಯ ಮಾಡಿ ಹೋದಾಗಲೇ."

"ಮತ್ತೆ ಎಲ್ಲಿ ತಡೀತೀಯ?"

"ತಡೆಯಾದೇ ಇಲ್ಲ. ಆ ಹುಣಸೆಮರದ ಹತ್ರ ತಿರುಗಿಸ್ತೀನಿ. ಅಲ್ಲಿ ಅವಕ್ಕೆ ಜೋಳ ಇರಾದೇ ಗೊತ್ತಿರಲ್ಲ, ಒಂದು ಸಿಳ್ಳೆ ಸಾಕು. ಇಲ್ಲಿಗೆ ಬಂದ್ರೆ ಕೋಲು ಮುರೀಬೇಕು, ಆದ್ರೂ ನಿಲ್ಲಲ್ಲ." ಆಮೇಲೆ ಮುನೀರನ ಮುಖ ನೋಡಿ, "ಬಾಯಿ ಯಾಕ್ರೀ ಹಂಗೆ ಬಿಗಿ ಹಿಡ್ಕಂಡೀರಿ?" ಎಂದ.

ಮುನೀರ್ ಎಲ್ಲ ಹೇಳಿದ. ಮೊಳೆಯಿಂದ ಹಿಡಿದು ಗೋಡೆಯ ಚೀಟಿಯವರೆಗೆ, ಹೆಂಡತಿಗೂ ಹೇಳದ್ದನ್ನು. ಕೇಳಿಸಿಕೊಂಡ ಸಣ್ಣಬೀರಪ್ಪ ಬುದ್ಧಿ ಹೇಳಲಿಲ್ಲ. ತಾನೂ ಎಲೆಅಡಿಕೆ ಹಾಕುವವನೇ, ನಿಮಗೆ ಏನಂತ ಹೇಳಲಿ ಎಂದ. ಮಡಿಸಿದ ಎಲೆಯನ್ನು ಬಾಯಿಗೆ ಹಾಕದೆ ಕಂಬಳಿಯ ಮಡಿಕೆಯಲ್ಲಿಟ್ಟು, "ಜೋಳಾನ ಗೋಡೆಗೆ ಕಟ್ಕಂಡು ಕುರಿ ಸಾಕಿದ್ರಲ್ರೀ" ಎಂದ. ಇಬ್ಬರೂ ನಕ್ಕರು. ಮುನೀರನ ನಗು ಅರ್ಧಕ್ಕೇ ನಿಂತಿತು. ಬಾಯಿ ಅಷ್ಟೇ ತೆರೆಯುವುದು.

ಶಿಕಾರಿಪುರಕ್ಕೆ ಮರಳುವ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಹುಣಸೆಮರವೇ ಇತ್ತು. ರಂಜಾನಿನಲ್ಲಿ ತಾನು ಗೆದ್ದದ್ದು ಹೇಗೆ ಎಂದು ಮೊದಲ ಸಲ ಸರಿಯಾಗಿ ಯೋಚಿಸಿದ. ಸಹರಿಯ ಊಟ ಮುಗಿದ ಮೇಲೆ ತಿನ್ನಲೋ ಬೇಡವೋ ಎಂಬ ಪ್ರಶ್ನೆಯೇ ಇರುವುದಿಲ್ಲ. ಅದು ನಸುಕಿನಲ್ಲೇ ತೀರ್ಮಾನವಾಗಿರುತ್ತದೆ. ಮನೆಯಲ್ಲಿ ಹಗಲು ಒಲೆ ಹೊತ್ತುವುದಿಲ್ಲ. ಗೆಳೆಯರು ಚಹಾಕ್ಕೆ ಕರೆಯುವುದಿಲ್ಲ. ಜೇಬಿನಲ್ಲಿ ಚೀಟಿ ಇರುವುದಿಲ್ಲ. ಅಷ್ಟೂ ಜನ ಸೇರಿ ಅವನನ್ನು ಮರದ ಹತ್ತಿರವೇ ತಿರುಗಿಸಿದ್ದರು. ಅವನು ಅದನ್ನು ತನ್ನೊಬ್ಬನ ತೋಳ್ಬಲ ಎಂದು ತಿಳಿದು, ಜೋಳದ ನಡುವಿನ ದಾರಿಗೆ ನುಗ್ಗಿದ್ದ. ಅವನ ಇಮಾನಿನಲ್ಲಿ ಕೊರತೆ ಇರಲಿಲ್ಲ, ದಾರಿ ತಪ್ಪಿತ್ತು. ಹಾಗೆ ಅನ್ನಿಸಿದ್ದೇ ಎದೆಯ ಮೇಲಿನ ಭಾರ ಒಂದಿಷ್ಟು ಇಳಿಯಿತು. ಆ ರಾತ್ರಿ ಗೋಡೆಯ ಚೀಟಿಯನ್ನೂ ಕುರಿಯ ಮಾತನ್ನೂ ಸಬಿಹಾಗೆ ಹೇಳಿದ.

ಮಾರನೆಯ ದಿನದಿಂದ ಅವನು ತನ್ನ ಮರಗಳನ್ನು ಹುಡುಕಿದ. ಗೋಡೆಯ ಮೊಳೆ ಕಿತ್ತ. ಬಸ್ ನಿಲ್ದಾಣದ ಚಹಾ ಬಿಟ್ಟು ಸಬಿಹಾ ಕಟ್ಟಿಕೊಟ್ಟ ಫ್ಲಾಸ್ಕು ತಂದ. ಸ್ಕೂಟರನ್ನು ಗೂಡಂಗಡಿಗಳ ಸಾಲು ಬಿಟ್ಟು ಮಾರುಕಟ್ಟೆಯ ಹಿಂದಿನ ಓಣಿಯಿಂದ ತಂದ. ಒಂದು ಮೈಲಿ ಹೆಚ್ಚು. ಸೀಟು ಮುಗಿದಾಗ ಬಾಯಿಗೆ ಏನೋ ಬೇಕೆನಿಸುತ್ತದೆ. ಆಗ ಐಸ್‌ಕ್ರೀಂ ಕಡ್ಡಿ ಪೇರಿಸಿ ಹಲ್ಲಿನ ನಡುವೆ ಇಟ್ಟುಕೊಂಡು ಕೂರುತ್ತಿದ್ದ. ಹತ್ತು ನಿಮಿಷದಲ್ಲಿ ಬಾಯಿ ನೋಯುತ್ತಿತ್ತು, ಬಯಕೆ ಹಾದು ಹೋಗಿರುತ್ತಿತ್ತು. ಕೈ ಮಾತ್ರ ಹಳೆಯ ಕೈ, ಅದಕ್ಕೆ ಯಾರೂ ಹೇಳಿರಲಿಲ್ಲ. ದಿನಕ್ಕೆ ಎಷ್ಟೋ ಸಲ ಎದೆಜೇಬಿಗೆ ಹೋಗಿ ತಡಕಾಡುತ್ತಿತ್ತು. ಆಗ ಒಂದು ಭಾನುವಾರ ಆರೂ ಅಂಗಿ ತಂದು, ದಪ್ಪ ಸೂಜಿಗೆ ಕರಿದಾರ ಪೋಣಿಸಿ, ಜೇಬುಗಳನ್ನು ಮುಚ್ಚಿ ಹೊಲಿದ. ಅಂದಿನಿಂದ ಕೈ ಮೇಲೆ ಬಂದು ಹೊಲಿಗೆಗೆ ತಾಗಿ ನಿಲ್ಲುತ್ತಿತ್ತು. ತಾಗಿದಾಗ ಅವನಿಗೆ ಎಚ್ಚರವಾಗುತ್ತಿತ್ತು. ಅಷ್ಟೇ ಬೇಕಾಗಿತ್ತು.

ಕೊನೆಗೆ ರಾಜುವಿನ ಹತ್ತಿರ, ಅವನ ಅಕ್ಕಪಕ್ಕದ ಇನ್ನಿಬ್ಬರ ಹತ್ತಿರ ಹೋಗಿ, ನಾನೇ ಬಂದು ಕೇಳಿದರೂ ಕೊಡಬೇಡಿ ಎಂದು ಹೇಳಿ ಬಂದ. ರಾಜುವಿಗೆ ಇಪ್ಪತ್ತು ವರ್ಷದ ಗಿರಾಕಿ ತಪ್ಪುತ್ತಿದ್ದ. ಆದರೂ ತಲೆಯಾಡಿಸಿದ.

ಆಗಸ್ಟ್‌ನಲ್ಲಿ ಆ ದಿನ ಬಂದೇ ಬಂತು. ಒಂದು ಆಟೋದವನು ಹೊಲಿಗೆ ಸರಿಯಿಲ್ಲವೆಂದು ನಾಲ್ಕು ಜನರೆದುರು ಕೂಗಾಡಿ ಹೋದ. ಮುನೀರ್ ಅಂಗಡಿ ತೆರೆದಿಟ್ಟೇ ನಡೆದು ಹೋಗಿ ರಾಜುವಿನ ಮುಂದೆ ನಿಂತ.

"ಒಂದು ಜೋಡಿ ಕೊಡು."

"ಇಲ್ಲ ಮುನೀರಣ್ಣ."

"ಕಣ್ಣೆದುರಿಗೆ ನೇತಾಡ್ತಾ ಐತೆ, ಇಲ್ಲ ಅಂತೀಯಲ್ಲೋ."

"ಮಂದಿಗೈತೆ, ನಿಂಗಿಲ್ಲ. ಆವತ್ತು ಬಂದಿದ್ದ ಮುನೀರಣ್ಣ ಹೇಳಿ ಹೋಗ್ಯಾನ. ಇನ್ನೊಬ್ಬ ಮುನೀರಣ್ಣ ಬರ್ತಾನೆ, ಬೇಡ್ತಾನೆ, ಬೈತಾನೆ, ಕೊಡಬ್ಯಾಡ ಅಂತ. ಬೇಡಿದ್ದು ಆತು. ಬೈಯಾದು ಬಾಕಿ ಐತೆ, ಬೈದು ಹೋಗು."

ಮುನೀರ್ ಬೈದ. ಎಂದೂ ಆಡದ ಮಾತು ಆಡಿದ. ರಾಜು ಬಾಟಲಿ ಒರೆಸುತ್ತಾ ಕೇಳಿಸಿಕೊಂಡ. ಇನ್ನೂ ನಾಲ್ಕು ಹೆಜ್ಜೆ ನಡೆದರೆ ಯಾರಿಗೂ ಹೇಳಿರದ ಅಂಗಡಿಗಳಿದ್ದವು. ಊರಲ್ಲಿ ಅದಕ್ಕೇನು ಬರ? ಮುನೀರ್ ಅತ್ತ ನೋಡಿದ. ಕೈ ಎದೆಗೆ ಹೋಯಿತು. ಹೊಲಿಗೆ ತಾಗಿತು. ಅಲ್ಲೇ ಗೂಡಂಗಡಿಯ ಪಕ್ಕದ ಕಲ್ಲಿನ ಮೇಲೆ ಕೂತು ಪ್ಯಾಂಟಿನ ಜೇಬಿನಿಂದ ಕಡ್ಡಿ ತೆಗೆದು ಹಲ್ಲಿನ ನಡುವೆ ಇಟ್ಟುಕೊಂಡ. ರಾಜು ಒಂದು ಲೋಟ ನೀರು ತಂದು ಪಕ್ಕಕ್ಕಿಟ್ಟ. ಅಸರ್‌ನ ಸಂಜೆ ನಮಾಜಿನ ಅಜಾನ್ ಆಗುವವರೆಗೂ ಮುನೀರ್ ಹಾಗೇ ಕೂತಿದ್ದ. ಎದ್ದಾಗ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು.

ಅದಾದ ಮೇಲೆ ಅವನು ಮುಟ್ಟಿಲ್ಲ. ನವೆಂಬರಿನ ತಪಾಸಣೆಯಲ್ಲಿ ಡಾಕ್ಟರಮ್ಮ ಬೆರಳು ಇಡಿಸಿದಳು. ಎರಡು ಬೆರಳು, ಸ್ವಲ್ಪ ಸಡಿಲ. ಕಡ್ಡಿ ಹದಿನೆಂಟು. ಮಚ್ಚೆ ದೊಡ್ಡದಾಗಿಲ್ಲ, ಹೋಗಿಯೂ ಇಲ್ಲ. ಮೂರನೆಯ ಬೆರಳು ವಾಪಸ್ ಬರುವುದು ಕಷ್ಟ, ಮಚ್ಚೆ ನೋಡಿಸುತ್ತಲೇ ಇರಬೇಕು ಎಂದಳು. ನಗಲಿಲ್ಲ, ಆದರೆ ಈ ಸಲ ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು.

ಡಿಸೆಂಬರಿನಲ್ಲಿ ಸೊರಬದಲ್ಲಿ ಸಬಿಹಾಳ ಅಣ್ಣ ವಸೀಂನ ಮಗಳ ನಿಕಾಹ್. ಊಟ ಮುಗಿಯುವ ಹೊತ್ತಿಗೆ ಗಂಡಸರ ಸಾಲಿನಲ್ಲಿ ದೊಡ್ಡ ತಟ್ಟೆ ಬರುವುದು ಅಲ್ಲಿ ಪದ್ಧತಿ. ಬೀಡಾ, ಸೋಂಪು, ಜೊತೆಗೆ ತಿನ್ನುವವರಿಗೆಂದು ಚೀಟಿಗಳ ಗೊಂಚಲು. ಸಂಬಂಧಿಕರು ಕೈಯಲ್ಲಿಟ್ಟು ಒತ್ತಾಯ ಮಾಡಿದರೆ ಬೇಡ ಎನ್ನುವುದು ಅವಮಾನ. ತಟ್ಟೆ ಅಡುಗೆಮನೆಯ ಬಾಗಿಲಲ್ಲಿ ಕಾಣಿಸುವ ಮೊದಲೇ, ಅರ್ಧ ಊಟದಲ್ಲಿ, ಮುನೀರ್ ಕೈ ತೊಳೆದು ಹೊರಗೆ ನಡೆದ. ಬೀಗರ ಮುಂದೆ ಅದು ಚೆನ್ನಾಗಿ ಕಾಣಲಿಲ್ಲ. ವಸೀಂ ತಂಗಿಯನ್ನು ಹುಡುಕಿಕೊಂಡು ಬಂದ.

"ಎಂಥದು ಮಾರಾಯ್ತಿ, ಊಟ ಸರಿಯಾಗ್ಲಿಲ್ವಾ? ಯಾರಾದ್ರೂ ಏನಾದ್ರೂ ಅಂದ್ರಾ? ಭಾವ ಎದ್ದು ಹೋದ್ರಲ್ಲ."

"ಯಾರೂ ಏನೂ ಅಂದಿಲ್ಲ ಭಾಯ್," ಎಂದಳು ಸಬಿಹಾ. "ಅವರು ಕುರಿ ತಿರುಗಿಸೋಕೆ ಹೋಗಿದಾರೆ."

"ಯಾವ ಕುರಿ?"

ಅವಳು ಒಂದು ತಟ್ಟೆಗೆ ಮೆತ್ತಗಿನ ಅನ್ನ ಹಾಕಿಕೊಂಡು, ಮಾಂಸವನ್ನು ಎಳೆಯೆಳೆಯಾಗಿ ಬಿಡಿಸಿ ಮೇಲಿಟ್ಟು, ಹೊರಗೆ ಬಂದಳು. ಮುನೀರ್ ಶಾದಿಮಹಲಿನಿಂದ ದೂರ, ರಸ್ತೆಯಾಚೆಯ ಬಸ್ ತಂಗುದಾಣದ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ತಟ್ಟೆ ನೋಡಿ, ಎಲ್ಲರೂ ಏನಂದುಕೊಂಡರೋ ಎಂದ. ಅಂದುಕೊಳ್ಳಲಿ, ಉಣ್ಣಿ ಎಂದಳು. ಅವನು ತುತ್ತನ್ನು ಎರಡು ಬೆರಳಿನಷ್ಟು ಸಣ್ಣದು ಮಾಡಿ ಬಾಯಿಗಿಟ್ಟ. ನಿಧಾನವಾಗಿ ಜಗಿದ. ಮಹಲಿನೊಳಗೆ ತಟ್ಟೆ ಸಾಲಿನಿಂದ ಸಾಲಿಗೆ ತಿರುಗುತ್ತಿರಬೇಕು, ನಗು ಕೇಳಿಸುತ್ತಿತ್ತು. ಅವನ ಎಡಗೈ ಒಮ್ಮೆ ಎದೆಯ ಕಡೆ ಏರಿತು. ಮದುವೆಗೆಂದು ಹೊಲಿಸಿದ ಹೊಸ ಅಂಗಿ. ಅದರ ಜೇಬಿಗೆ ಅವನು ಹೊಲಿಗೆ ಹಾಕಿರಲಿಲ್ಲ. ಆದರೂ ಬೆರಳು ಕರಿದಾರಕ್ಕೆ ತಾಗಿ ನಿಂತಿತು.

ಮುನೀರ್ ತಲೆಯೆತ್ತಿ ಸಬಿಹಾಳನ್ನು ನೋಡಿದ. ಅವಳು ರಸ್ತೆಯ ಕಡೆ ನೋಡುತ್ತಾ, ಅನ್ನ ಆರುತ್ತದೆ ಎಂದಳು.